ಕನ್ನಡಕವಿಲ್ಲದ ಮುಖ

ಮಾರ್ಚ್ ೪, ಬುಧವಾರ. ಸಂಜೆ

…ಅಲ್ಲ, ನಿನ್ನೆ ಬರೆದದ್ದು ಪೂರ್ತಿ ಸರಿಯಲ್ಲ. ಜ್ಞಾಪಕಶಕ್ತಿ ಹೋಯಿತು ಎಂದು ಬರೆದೆ. ಹೋಗಿಲ್ಲ. ಬ್ಯಾಂಕಿನಮ್ಮನ ಎಡಗಣ್ಣು ಮೈನಸ್ ನಾಲ್ಕು, ಬಲಗಣ್ಣು ಮೂರೂಮುಕ್ಕಾಲು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಫ್ರೇಮು ಮೂಗಿನ ಎಡಬದಿಗೆ ಒತ್ತುತ್ತದೆ, ಸ್ವಲ್ಪ ಬಿಡಿಸಿಕೊಡಬೇಕು — ಅದೂ ಗೊತ್ತು. ಹೆಸರು ಮಾತ್ರ ಇಲ್ಲ. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದು, ಇವತ್ತು ಆಕೆ ಕಂದು ಫ್ರೇಮು ತೆಗೆದು ಕೆಂಪು ಹಾಕಿಕೊಂಡ ಕೂಡಲೇ ಎದ್ದು ಹೋಯಿತು. ಹಳೆಯ ಕನ್ನಡಕದ ಜೊತೆ ಅದನ್ನೂ ಡಬ್ಬಿಯೊಳಗೆ ಮುಚ್ಚಿಟ್ಟ ಹಾಗೆ.

"ಹೇಗೆ ಕಾಣುತ್ತೆ ಸಾರ್?" ಕನ್ನಡಿಯ ಎದುರು ನಿಂತು ಕೇಳಿದರು.

"ಬೇರೆಯವರೇ ಆಗ್ಬಿಟ್ರಿ" ಎಂದೆ.

ನಿಜವನ್ನೇ ಹೇಳಿದ್ದು. ಹೊಗಳಿಕೆ ಎಂದುಕೊಂಡು ನಕ್ಕರು. ಬಾಗಿಲು ತೆಗೆದು ಬೀಳ್ಕೊಡುವಾಗ "ಬನ್ನಿ ಮೇಡಂ" ಎಂದೆ. ಬರೀ ಮೇಡಂ. ಆಕೆ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತ ಹಾಗಾಯಿತು. ಏನೋ ಕಡಿಮೆಯಾಯಿತು ಎಂದು ಅವರಿಗೂ ಅನ್ನಿಸಿರಬೇಕು.

ಅಂಗಡಿಯಲ್ಲಿ ನನ್ನನ್ನು ಇನ್ನೂ ಇಟ್ಟುಕೊಂಡಿರುವುದೇ ಹೆಸರು ನೆನಪಿಡುವುದಕ್ಕೆ. ಕಣ್ಣು ಪರೀಕ್ಷೆ ಒಳಗಿನ ಕೋಣೆಯಲ್ಲಿ. ಗಾಜು ಉಜ್ಜಿ ಕೂರಿಸುವ ಫಿಟ್ಟರ್ ಹಿಂದಿನ ಕೋಣೆಯಲ್ಲಿ. ಬಾಗಿಲು ತಳ್ಳಿಕೊಂಡು ಬಂದವರನ್ನು ಹೆಸರು ಹಿಡಿದು ಕರೆಯುವ ಕೆಲಸ ಕೌಂಟರಿನಲ್ಲಿ, ನನ್ನದು. "ಎದುರಂಗಡೀಲಿ ಡಿಸ್ಕೌಂಟ್ ಇದೆ, ನಮ್ಮಲ್ಲಿ ನೀವಿದೀರಿ" ಎನ್ನುತ್ತಾರೆ ಯಜಮಾನರು. ದೊಡ್ಡ ಬಿರುದು.

ಬಿರುದು ಇವಳದು, ನನ್ನದಲ್ಲ. ಈಗ ತಿಳಿಯುತ್ತಿದೆ. ಊಟಕ್ಕೆ ಕೂತಾಗ ಇವಳು ದಿನಾ ಕೇಳುತ್ತಿದ್ದಳು, "ಇವತ್ತು ಯಾರ್ಯಾರು ಬಂದಿದ್ರು?" ಒಬ್ಬೊಬ್ಬರನ್ನಾಗಿ ಹೇಳುತ್ತಿದ್ದೆ. "ಅದೇ, ತಮ್ಮನ ಜೊತೆ ಮಾತು ಬಿಟ್ಟಿದಾರಲ್ಲ, ಅವ್ರಾ?" ಎನ್ನುವಳು. ಅಷ್ಟರಲ್ಲಿ ಹೆಸರು ಮೊಳೆ ಹೊಡೆದ ಹಾಗೆ ಕೂತುಬಿಡುತ್ತಿತ್ತು. ಈಗ ಯಾರಿಗೆ ಹೇಳಲಿ, ತಟ್ಟೆಗೋ?

ಹೆಂಡತಿಯನ್ನು 'ಇವಳು' ಎಂದೇ ಅಭ್ಯಾಸ. ಹೋದ ಮೇಲೂ ಇವಳು ಅವಳಾಗಿಲ್ಲ.

ಕತ್ತಲಾಗುತ್ತಿದೆ. ನಿಜವಾಗಿ ಕಣ್ಣು ಕಾಣದಾಗುವವರೆಗೆ ದೀಪ ಹಾಕಬಾರದು ಎಂಬುದು ಇವಳ ಕಾಯಿದೆ. ಕಿಟಕಿಯ ಬೆಳಕು ಇರುವಷ್ಟು ಹೊತ್ತು ಬರೆಯುವುದು, ಸಾಕು.

ಮಾರ್ಚ್ ೫, ಗುರುವಾರ

ಒಂದು ನಿಯಮ. ಈ ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆಯಕೂಡದು. ಹಿಂದೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಮನೆಗೆ ಬಂದರೆ ಇವಳು ಸೋಪು ಹಚ್ಚಿ ತೊಳೆಸುತ್ತಿದ್ದಳು. "ಬರೆದಿದ್ದು ಕೈಗೆ ಗೊತ್ತಿರುತ್ತೆ ರೀ, ಬಾಯಿಗಲ್ಲ." ಆದ್ದರಿಂದ ಇಲ್ಲಿ ಬರೀ ಕಾಮನ್ ನೌನ್. ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಹೇಳುತ್ತಿದ್ದರು: ಕಾಮನ್ ನೌನ್ ಊರಿನ ಆಸ್ತಿ, ಪ್ರಾಪರ್ ನೌನ್ ಒಬ್ಬರ ಸ್ವಂತ ಆಸ್ತಿ, ಕ್ಯಾಪಿಟಲ್ ಲೆಟರ್ ಹಾಕಿ ಮರ್ಯಾದೆ ಕೊಡಬೇಕು. ಇನ್ನೂ ಒಂದೆರಡು ಬಗೆಯ ನೌನ್ ಇದ್ದವು. ಮರೆತಿದೆ.

ಬ್ಯಾಂಕಿನಮ್ಮನ ಹೆಸರು ಬೆಳಿಗ್ಗೆ ಹಲ್ಲುಜ್ಜುವಾಗ ತಾನಾಗಿ ಬಂತು. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ, ನಿನ್ನೆ ಬರೆಯಲು ನಾಚಿಕೆಯಾಯಿತು.

ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ. ಇವಳ ಕಾಯಿಲೆಗೆಂದು ತಿಂಗಳುಗಟ್ಟಲೆ ರಜೆ ಹಾಕಿ, ಎಲ್ಲ ಮುಗಿಸಿ ಅಕ್ಟೋಬರಿನಲ್ಲಿ ಅಂಗಡಿಗೆ ಮರಳಿದಾಗ ಆಗಲೇ ಬಂದು ಕೂತಿದ್ದಳು. ನಡುವೆ ಇನ್ನೊಬ್ಬಳಿದ್ದಳಂತೆ, ಬಂದಳಂತೆ, ಹೋದಳಂತೆ. ಅವಳನ್ನು ನಾನು ಕಂಡೇ ಇಲ್ಲ. ಈ ಹುಡುಗಿಯ ಜೊತೆ ಮಾತ್ರ ಅಂದಿನಿಂದ ಒಂದೇ ಸೂರಿನಡಿ ಕೆಲಸ. ಹೆಸರು ಗೊತ್ತಿಲ್ಲ.

ಹೇಳಿಲ್ಲವೆಂದಲ್ಲ. ಮೂರು ಸಲ ಹೇಳಿದ್ದಾಳೆ. ಮೊದಲ ದಿನ ಬಾಗಿಲಲ್ಲಿ. ಆಗ ಫಿಟ್ಟರ್ ನನ್ನ ಕೈ ಹಿಡಿದುಕೊಂಡು ಇವಳ ಬಗ್ಗೆ ಏನೋ ಸಮಾಧಾನ ಹೇಳುತ್ತಿದ್ದ. ಆಮೇಲೆ ನೀರಿನ ಫಿಲ್ಟರ್ ಹತ್ತಿರ. ಇನ್ನೊಮ್ಮೆ ಫೋನಿನಲ್ಲಿ. ಪ್ರತಿ ಸಲವೂ ಕಿವಿಯವರೆಗೆ ಬಂತು, ಒಳಗೆ ಕರೆಯಲಿಲ್ಲ. ನನ್ನ ಪದ್ಧತಿಯೋ — ಹೆಸರನ್ನು ಕನ್ನಡಕಕ್ಕೆ ಸಿಕ್ಕಿಸುವುದು. ದುಂಡು ಫ್ರೇಮು ಇವರು, ಚಿನ್ನದ ಅಂಚು ಅವರು, ದಪ್ಪ ಗಾಜು ಮೇಷ್ಟ್ರು. ಆ ಹುಡುಗಿಗೆ ಕನ್ನಡಕವೇ ಇಲ್ಲ. ಆರಕ್ಕೆ ಆರು ದೃಷ್ಟಿ. ಬರೀ ಮುಖ. ಎಲ್ಲಿಗೆ ಸಿಕ್ಕಿಸಲಿ?

'ತಾಯೀ' ಎನ್ನುತ್ತೇನೆ. 'ಏನಮ್ಮಾ' ಎನ್ನುತ್ತೇನೆ. ಅವಳು ವಾತ್ಸಲ್ಯ ಎಂದುಕೊಂಡಿದ್ದಾಳೆ. ಫೋನಿನಲ್ಲಿ ಅವಳ ನಂಬರು 'ಕಣ್ಣು ಹುಡುಗಿ' ಎಂದಿದೆ.

ಇವತ್ತು ಒಂದು ಉಪಾಯ ಮಾಡಿದೆ. ಕೊರಿಯರ್ ಬಂದಾಗ ಕೈ ಬಿಡುವಿಲ್ಲ ಎಂದು ನಟಿಸಿ ಅವಳಿಂದ ಸಹಿ ಹಾಕಿಸಿದೆ. ಸಹಿಯೋ, ಸೂಜಿಯಿಂದ ಜಾರಿದ ದಾರವೋ. ಒಂದಕ್ಷರ ಇಲ್ಲ. ಮಧ್ಯಾಹ್ನ ಇನ್ನೊಂದು ಬಾಣ. "ಅಂದಹಾಗೆ, ನಿಮ್ಮ ಹೆಸರಿಗೆ ಅರ್ಥ ಏನಮ್ಮಾ?"

"ಅಮ್ಮನ್ನ ಕೇಳ್ಬೇಕು ಸಾರ್. ಅವರೇ ಹಟ ಮಾಡಿ ಇಟ್ಟಿದ್ದಂತೆ. ಮನೇಲಿ ಯಾರ ಮಾತೂ ಕೇಳ್ಲಿಲ್ವಂತೆ."

ಅರ್ಥವೂ ಇಲ್ಲ, ಹೆಸರೂ ಇಲ್ಲ.

ಮಾರ್ಚ್ ೯, ಸೋಮವಾರ

ದಪ್ಪ ಗಾಜಿನ ಮೇಷ್ಟ್ರು ಪರೀಕ್ಷೆಗೆ ಬಂದಿದ್ದರು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರಿಗೆ ಕೊನೆಯ ಸಾಲು ಕಾಣದು, ಒಪ್ಪಿಕೊಳ್ಳಲು ಜಂಬ ಬಿಡದು. ಜೀವನವೆಲ್ಲ ಮಕ್ಕಳಿಗೆ ಓದು ಓದು ಎಂದವರು. ಬಾಯಿಗೆ ಬಂದ ಅಕ್ಷರ ಹೇಳುತ್ತಿದ್ದರು.

"ಊಹೆ ಮಾಡ್ಬೇಡಿ ಸಾರ್" ಎಂದಳು, ಮೆತ್ತಗೆ. "ಕಾಣದಿದ್ರೆ ಕಾಣಲ್ಲ ಅನ್ನಿ. ಅದೂ ಸರಿ ಉತ್ತರಾನೇ. ಊಹೆ ಮಾಡಿದ್ರೆ ಗಾಜು ತಪ್ಪಾಗುತ್ತೆ."

ಮೇಷ್ಟ್ರು ಮತ್ತೊಮ್ಮೆ ಬೋರ್ಡಿನತ್ತ ಕತ್ತು ಚಾಚಿದರು. ಆಮೇಲೆ "ಕಾಣಲ್ಲಮ್ಮ" ಎಂದರು. ದನಿಯಲ್ಲಿ ಹೊರೆ ಇಳಿಸಿದಂಥ ಹಗುರ. ನನಗೇ ಹೇಳಿದ ಹಾಗಿತ್ತು. ಕೇಳಿಸದವನಂತೆ ಕೌಂಟರಿನ ಗಾಜು ಒರೆಸಿದೆ.

ಯಜಮಾನರು ಫೋನ್ ಮಾಡಿದ್ದರು. ಹೊಸ ಪರೀಕ್ಷಾ ಮೆಷಿನ್ ಬಂತಲ್ಲ, ಬರುವ ಭಾನುವಾರ ಹಳೇ ಗಿರಾಕಿಗಳನ್ನೆಲ್ಲ ಕರೆದು ಉಚಿತ ತಪಾಸಣೆ, ಟೀ ಬಿಸ್ಕತ್ತು. ತಾವು ಮದುವೆಗೆ ಹೋಗುವುದಿದೆ, ಬರಲಾಗುವುದಿಲ್ಲ. "ನೀವೇ ನಾಲ್ಕು ಮಾತಾಡಿ. ಆ ಹುಡುಗಿಯನ್ನ ಎಲ್ಲರಿಗೂ ಪರಿಚಯ ಮಾಡ್ಸಿ. ಹೆಸರಿನ ವಿಷಯದಲ್ಲಿ ನಿಮಗೆ ನಾನು ಹೇಳಿಕೊಡ್ಬೇಕಾ?"

ಆಗಲೇ ಕೇಳಬೇಕಿತ್ತು, ಅವಳ ಹೆಸರೇನು ಎಂದು. ಹೆಸರಿಗೆಂದೇ ಇಟ್ಟುಕೊಂಡ ಆಳು ಹೆಸರು ಕೇಳುವುದೇ? ಫಿಟ್ಟರನ್ನು ಕೇಳೋಣವೆಂದರೆ ಅವನದು ಗಾಳಿಗೆ ಕೊಟ್ಟ ಬಾಯಿ. ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿದೆ, ಬಿಟ್ವೀನ್ ದಿ ಡೆವಿಲ್ ಅಂಡ್ ಯಾವುದೋ ಸೀ. ಯಾವ ಸೀ ಎಂದು ನೆನಪಿಲ್ಲ. ಹೋಗಲಿ, ನಮ್ಮ ಇಕ್ಕಟ್ಟಿಗೆ ಸಮುದ್ರ ಬೇಕಿಲ್ಲ, ಅತ್ತ ದರಿ ಇತ್ತ ಪುಲಿ ಸಾಕು.

ಮಹಡಿಯ ಮೇಲಿರುವ ನನ್ನಕ್ಕನಿಗೆ ಹೇಳಿದೆ. ಎಂಬತ್ತರ ಹತ್ತಿರ. ಬೀದಿಯ ಬೆಕ್ಕುಗಳಿಗೂ ಅವುಗಳ ತಾಯಂದಿರಿಗೂ ಅವಳ ಬಳಿ ಹೆಸರಿದೆ.

"ನಿನಗೆ ಮರೆವೂ ಇಲ್ಲ, ಮಣ್ಣೂ ಇಲ್ಲ ಕಣೋ. ಯಾರು ಏನು ಹೇಳಿದ್ರೂ ನೀನು ಕೇಳಿಸ್ಕೊಳ್ಳಲ್ಲ. ಕೇಳಿಸ್ಕೊಂಡಿದ್ರೆ ತಾನೇ ಮರೆಯೋಕೆ?"

"ಈಗೇನ್ ಮಾಡ್ಲಿ?"

"ಬಾಯಿ ಬಿಟ್ಟು ಕೇಳು."

"ಇಷ್ಟು ದಿನ ಆದ್ಮೇಲಾ?"

"ಇನ್ನಷ್ಟು ದಿನ ಆದ್ಮೇಲೆ ಸುಲಭ ಆಗುತ್ತಾ?"

ಅವಳಿಗೇನು.

ಮಾರ್ಚ್ ೧೪, ಶನಿವಾರ. ಸಂಜೆ

ಸಿಕ್ಕಿತು!

ಯಜಮಾನರು ಬೆಳಿಗ್ಗೆ ಬಂದು ಬೀರುವಿನಿಂದ ಬಿಳಿ ಕೋಟು ತೆಗೆಸಿ, ಇಸ್ತ್ರಿ ಮಾಡಿಸಿ, ಒಳಕೋಣೆಯ ಬಾಗಿಲ ಹಿಂದೆ ತೂಗುಹಾಕಿಸಿದರು. ನಾಳೆ ಹುಡುಗಿ ಹಾಕಿಕೊಳ್ಳಬೇಕಂತೆ, ಡಾಕ್ಟರಂತೆ ಕಾಣಬೇಕಂತೆ. ಅಂಗಡಿ ಮುಚ್ಚುವಾಗ ದೀಪ ಆರಿಸಲು ಒಳಗೆ ಹೋದೆ. ಕೋಟಿನ ಜೇಬಿನ ಮೇಲೆ ನೀಲಿ ದಾರದಲ್ಲಿ ಹೊಲಿದ ಹೆಸರು. ಮೊದಲು ಡಾಕ್ಟರ್ ಎಂಬುದಕ್ಕೆ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಹೆಸರು. ಎಷ್ಟು ಚೆಂದದ ಹೆಸರು. ಅವಳಿಗೆ ಒಪ್ಪುವಂಥದ್ದೇ. ಇಷ್ಟು ದಿನ ಹೊಳೆಯದಿದ್ದದ್ದು ನನ್ನ ದಡ್ಡತನ.

ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ರಸ್ತೆಬದಿಯ ಬೆಂಚಿನ ಮೇಲೆ ಕೂತವನೊಬ್ಬ ತನ್ನನ್ನೇ ಕರೆದರೆಂದು ತಲೆ ಎತ್ತಿದ. ನಾಳೆಯ ಮಾತುಗಳನ್ನು ಕನ್ನಡಿಯ ಮುಂದೆ ಎರಡು ಸಲ ಆಡಿದೆ. ತುಂಬಾ ದಿನದ ಮೇಲೆ ಹೊಟ್ಟೆ ಹಸಿಯಿತು.

ಮಾರ್ಚ್ ೧೫, ಭಾನುವಾರ. ಸಂಜೆ

ಚೆನ್ನಾಗಿ ಆಯಿತು. ಬಹಳ ಚೆನ್ನಾಗಿ. ಹಳಬರು ಬಂದರು. ಬ್ಯಾಂಕಿನಮ್ಮ ಕೆಂಪು ಫ್ರೇಮಿನಲ್ಲಿ. ಮೇಷ್ಟ್ರು. ಔಷಧದಂಗಡಿಯವರು, ಹೆಂಡತಿ ಸಮೇತ. ಕುರ್ಚಿ ಸಾಲದೆ ಕೆಲವರು ನಿಂತಿದ್ದರು.

ಎದ್ದು ನಿಂತೆ. ಹೇಳಿದೆ: "ಕಣ್ಣು ನೋಡೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ಆದರೆ ಕಾಣಲ್ಲ ಅಂತ ಹೇಳೋಕೆ ನಮಗೆಲ್ಲ ಒಂದು ನಾಚಿಕೆ ಇರುತ್ತಲ್ಲ, ಆ ನಾಚಿಕೆ ಆಗದ ಹಾಗೆ ನೋಡೋರು ಇವರೊಬ್ಬರನ್ನೇ ನಾನು ಕಂಡಿದ್ದು. ಮನೇಲಿ ಮಗಳಿದ್ದಿದ್ರೆ ಹೀಗಿರಲಿ ಅಂತ ಕೇಳ್ಕೋತಿದ್ದೆ." ಆಮೇಲೆ ಹೆಸರು. ಗಟ್ಟಿಯಾಗಿ, ಬಿಡಿಸಿ, ಕ್ಯಾಪಿಟಲ್ ಲೆಟರ್ ಹಾಕಿದ ಹಾಗೆ.

ಚಪ್ಪಾಳೆ. ಹುಡುಗಿ ತಲೆ ಬಗ್ಗಿಸಿದಳು. ಕಣ್ಣು ಒದ್ದೆಯಾಗಿತ್ತು. ಕೋಟಿನ ಜೇಬಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿಕೊಂಡಿದ್ದಳು. ಶಾಯಿ ಕಲೆ ಇರಬೇಕು. ಎಲ್ಲರೂ ಅವಳನ್ನು ಹೆಸರು ಹಿಡಿದೇ ಕರೆದರು, ಅವಳು ಪ್ರತಿಯೊಬ್ಬರಿಗೂ ಓಗೊಟ್ಟಳು. ಮೇಷ್ಟ್ರು ಹೋಗುವಾಗ ಹೇಳಿದರು, "ಹೆಸರಿಗೆ ತಕ್ಕ ಹುಡುಗಿ."

ಇವಳಿಗೆ ಹೇಳಬೇಕಿತ್ತು ಇದನ್ನು.

ಮಾರ್ಚ್ ೧೬, ಸೋಮವಾರ

ಅವಳ ಹೆಸರಲ್ಲ.

ಮಾರ್ಚ್ ೧೬, ಮತ್ತೆ

ಬರೆಯಲೇಬೇಕು. ಫಿಟ್ಟರ್ ಟೀ ಕುಡಿಯುತ್ತಾ, ಮೇಜಿನ ಮೇಲೆ ಒಂದು ಗಾಜಿಟ್ಟು ಅದನ್ನೇ ನೋಡುತ್ತಾ ಕೇಳಿದ, "ಸಾರ್, ನಿನ್ನೆ ಯಾರ ಹೆಸರು ಹೇಳಿದ್ರಿ ಅದು?"

"ಯಾರದ್ದು ಅಂದ್ರೆ?"

"ಅದು ಹಿಂದೆ ಇದ್ದೋಳದು. ನೀವು ರಜೆಯಲ್ಲಿದ್ದಾಗ ಬಂದು ಹೋದ್ಲಲ್ಲ, ಈಗ ಎದುರಂಗಡೀಲಿ ಕೂತಿದಾಳಲ್ಲ, ಅವಳದು. ಯಜಮಾನ್ರು ಕೋಟು ಹಾಳಾಗ್ಬಾರದು ಅಂತ ಅವಳದ್ದೇ ಇವಳಿಗೆ ಕೊಟ್ರು. ಆ ಹೆಸರು ಮುಚ್ಚೋಕೇ ಪಾಪ ಬೆಳಿಗ್ಗೆ ಬಂದು ನನ್ ಹತ್ರ ಪ್ಲಾಸ್ಟರ್ ಈಸ್ಕೊಂಡ್ಲು."

ಕಿವಿ ಬಿಸಿಯಾಯಿತು. "ಅಲ್ಲೇ ಯಾಕೋ ಹೇಳಲಿಲ್ಲ ನೀನು?"

"ಎದ್ದಿದ್ದೆ ಸಾರ್ ಹೇಳೋಕೆ. ಅವಳೇ ಕಣ್ಣಲ್ಲೇ ಬೇಡ ಅಂದ್ಲು. ಆಮೇಲೆ ಹಿಂದೆ ಬಂದು, ಸಾರ್‌ಗೆ ಹೇಳ್ಬೇಡಿ, ಅಷ್ಟು ಜನದ ಮುಂದೆ ಬೇಜಾರು ಮಾಡ್ಕೋತಾರೆ ಅಂದ್ಲು."

ಗಾಳಿಗೆ ಕೊಟ್ಟ ಬಾಯಿ ಎಂದು ಬರೆದಿದ್ದೆ ಇವನನ್ನು. ನನ್ನ ಬಾಯಿಗೆ ಏನೆಂದು ಬರೆಯಲಿ?

ಇನ್ನೂ ಇದೆ. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ಸುಳ್ಳು. ಇಷ್ಟಾದ ಮೇಲೆ ಫಿಟ್ಟರನ್ನು ಕೇಳಬಹುದಿತ್ತಲ್ಲ, ಹಾಗಾದರೆ ಈ ಹುಡುಗಿಯ ಹೆಸರೇನು ಎಂದು? ಕೇಳಲಿಲ್ಲ. ಬರೀ ಬಾಯ್ತಪ್ಪಿ ಹೇಳಿದೆ ಎಂದು ಅವನು ತಿಳಿದಿದ್ದಾನೆ. ಹೆಸರೇ ಗೊತ್ತಿಲ್ಲವೆಂದು ತಿಳಿದಿಲ್ಲ. ಆ ಒಂದಿಷ್ಟು ಮಾನ ಉಳಿಸಿಕೊಂಡೆ.

ಮಾರ್ಚ್ ೨೩

ಏನೂ ಇಲ್ಲ. ಅವಳು ಎಂದಿನಂತೆ ಮಾತಾಡುತ್ತಾಳೆ. ನಾನು ಎಂದಿನಂತೆ ತಾಯೀ ಎನ್ನುತ್ತೇನೆ. ಗಿರಾಕಿಗಳು ಬಂದು ಆ ಹೆಸರು ಹಿಡಿದು ಕೇಳುತ್ತಾರೆ, "ಅವರೇ ನೋಡ್ಬೇಕು" ಎನ್ನುತ್ತಾರೆ. ಅವಳು ಒಳಗಿನಿಂದ "ಬಂದೆ" ಎನ್ನುತ್ತಾಳೆ. ಪ್ರತಿ ಸಲವೂ ನನಗೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಂತೆ. ಹೇಳುತ್ತೇನೆ, ನಾಳೆ ಹೇಳುತ್ತೇನೆ.

ಏಪ್ರಿಲ್ ೧೧, ಶನಿವಾರ

ಇಷ್ಟು ದಿನ ಪುಸ್ತಕ ತೆರೆಯಲಿಲ್ಲ. ತೆರೆದರೆ ಅದೊಂದೇ ಬರೆಯಬೇಕು.

ಇವತ್ತು ಯಜಮಾನರು ಬಂದಿದ್ದರು. ಮಂಡಿ ನೋವಿನಿಂದ ಈಗ ಶನಿವಾರ ಮಾತ್ರ ಬರುವುದು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು.

"ಆ ಹುಡುಗಿದು ಆರು ತಿಂಗಳ ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತೆ. ಇಟ್ಕೊಳ್ಳೋದೋ ಬಿಡೋದೋ ಹೇಳ್ಬೇಕು. ನೋಡಿ, ಹಿಂದಿನೋಳು ಹೋಗಿ ಎಷ್ಟು ಕಾಲ ಆಯ್ತು, ಜನ ಇನ್ನೂ ಅವಳ್ನೇ ಹೊಗಳ್ತಾರೆ. ಮನೆಗೆ ಫೋನ್ ಮಾಡಿ ಹೇಳ್ತಾರೆ ರೀ! ಮೇಷ್ಟ್ರು ಮೊನ್ನೆ ಕಾಲು ಗಂಟೆ ಮಾತಾಡಿದ್ರು, ಅವಳಂಥವಳಿಲ್ಲ ಅಂತ. ಈ ಹುಡುಗಿ ಹೆಸರನ್ನ ಒಬ್ಬರಾದ್ರೂ ಎತ್ತಿದ್ದುಂಟಾ? ಊಹೂಂ. ಎದುರಂಗಡಿಯೋಳನ್ನೇ ಒಂದು ಮಾತು ಕೇಳಿ ವಾಪಸ್ ಕರಸ್ಕೊಂಡ್ರೆ ಹೇಗೆ?"

ಎದುರಿಗೆ ಕೂತಿದ್ದೆ. ಬಾಯಿ ಇತ್ತು. ಮಾತೂ ಇತ್ತು. ಒಳಕೋಣೆಯಿಂದ ಅವಳ ದನಿ ಕೇಳುತ್ತಿತ್ತು, ಯಾರಿಗೋ "ಊಹೆ ಮಾಡ್ಬೇಡಿ" ಎನ್ನುತ್ತಿದ್ದಳು.

"ಯೋಚ್ನೆ ಮಾಡಿ ಹೇಳ್ತೀನಿ" ಎಂದೆ.

ಯೋಚನೆಯಂತೆ. ಥೂ.

ಏಪ್ರಿಲ್ ೧೨, ಭಾನುವಾರ

ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಭಯವಾಯಿತು. ಹೊಲಿಯುತ್ತಿದ್ದ ದಿಂಬಿನ ಚೀಲ ಕೆಳಗಿಟ್ಟು ಕೇಳಿದಳು:

"ಆ ಮಗು ನಿನ್ನ ಮಾನ ಮುಚ್ತು. ನೀನು ಅದರ ಅನ್ನ ಕಿತ್ಕೋತಿದೀಯಾ. ಲೆಕ್ಕ ಸರಿ ಇದೆಯೇನೋ?"

"ನನ್ನ ಕೆಲಸವೂ ಹೋಗಬಹುದು ಅಕ್ಕಾ."

"ಹೋಗ್ಲಿ. ನಿನಗೆ ವಯಸ್ಸಾಗಿದೆ, ಅದಕ್ಕಾಗಿಲ್ಲ." ಸೂಜಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. "ದಾರ ಪೋಣಿಸು. ಕನ್ನಡಕದಂಗಡಿ ತಮ್ಮನ್ನ ಇಟ್ಕೊಂಡು ನನಗೆ ಸೂಜಿ ಕಣ್ಣು ಕಾಣಲ್ಲ."

ಏಪ್ರಿಲ್ ೧೩, ಸೋಮವಾರ. ಸಂಜೆ

ಕೇಳಿದೆ.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಒಳಕೋಣೆಗೆ ಹೋಗಿ ಪರೀಕ್ಷೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ನಿಂತು ಕೇಳುವ ಧೈರ್ಯ ಇರಲಿಲ್ಲ. ಎದುರು ಗೋಡೆಯಲ್ಲಿ ಅಕ್ಷರದ ಬೋರ್ಡು ಬೆಳಗುತ್ತಿತ್ತು.

"ಏನ್ ಸಾರ್, ಕಣ್ಣು ತೋರಿಸ್ಬೇಕಾ?"

"ಇಲ್ಲಮ್ಮಾ. ಒಂದು ವಿಷಯ… ಆ ಭಾನುವಾರ ನಾನು ಹೇಳಿದ ಹೆಸರು…"

"ಗೊತ್ತು ಸಾರ್. ಬಾಯ್ತಪ್ಪಿ ಬಂತು. ಬಿಡಿ."

ಅಲ್ಲಿಗೆ ಮುಗಿಸಬಹುದಿತ್ತು. ಅವಳೇ ಬಾಗಿಲು ತೆಗೆದುಕೊಟ್ಟಿದ್ದಳು, ಹೊರಗೆ ಬರಬಹುದಿತ್ತು. ಹೂಂ ಎಂದು ತಲೆಯಾಡಿಸುವುದರಲ್ಲಿದ್ದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ದಿನಾ ಜನರ ಕಣ್ಣು ನೋಡುವವಳು.

"ಸಾರ್. ಊಹೆ ಮಾಡ್ಬೇಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ."

"ಗೊತ್ತಿಲ್ಲ" ಎಂದೆ. "ನಿನ್ನ ಹೆಸರು ನನಗೆ ಗೊತ್ತಿಲ್ಲಮ್ಮಾ. ಮೊದಲ ದಿನದಿಂದ್ಲೂ."

ಏಕವಚನ ಯಾವಾಗ ಬಂತೋ. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ತಕ್ಷಣ ಹೇಳಲಿಲ್ಲ. ಮೊದಲು ಬೇರೆ ಮಾತು ಹೇಳಿದಳು, ಟಾರ್ಚಿನ ಗುಂಡಿ ಒತ್ತುತ್ತಾ ಬಿಡುತ್ತಾ.

"ಮೂರು ಸಲ ಹೇಳಿದ್ದೆ ಸಾರ್. ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ? ಆದರೆ ಆ ದಿನ ನೀವು ಆಡಿದ ಮಾತು… ನನ್ನ ಬಗ್ಗೆ ಹಾಗೆ ಯಾರೂ ಎದ್ದು ನಿಂತು ಮಾತಾಡಿಲ್ಲ. ಹೆಸರು ಬೇರೆಯೋರದಾದ್ರೂ ಮಾತು ನನ್ನದೇ ಅಂತ ಇಟ್ಕೊಂಡೆ. ಆ ಹೆಸರಿಗೇ ಓಗೊಟ್ಕೊಂಡು ಹೋದೆ. ಏನೂ ಅನ್ನಿಸ್ತಿರ್ಲಿಲ್ಲ. ಮೊನ್ನೆ ಮನೇಲಿ ಅಮ್ಮ ಕರೆದ್ರು, ನಾನು ತಿರುಗ್ಲಿಲ್ಲ. ಬೇರೆ ಯಾರನ್ನೋ ಕರೀತಿದಾರೆ ಅನ್ನಿಸ್ತು. ಎರಡನೇ ಸಲ ಕರೆದಾಗ ಅಮ್ಮ ಕೇಳಿದ್ರು, ಕಿವಿ ಏನಾಯ್ತು ಅಂತ."

ಅವಳ ಮುಖ ನೋಡಲಾಗಲಿಲ್ಲ. ಬೋರ್ಡಿನ ಕೊನೆಯ ಸಾಲು ನೋಡಿದೆ. ಕಾಣಲಿಲ್ಲ.

ಆಮೇಲೆ ಹೆಸರು ಹೇಳಿದಳು. ಈ ಸಲ ಕೇಳಿಸಿಕೊಂಡೆ. ತಿರುಗಿ ಹೇಳಿದೆ. ತಲೆಯಾಡಿಸಿದಳು, ಸಾಲು ಸರಿಯಾಗಿ ಓದಿದವರಿಗೆ ಆಡಿಸುವ ಹಾಗೆ. ಯಜಮಾನರು ಏನು ಯೋಚಿಸುತ್ತಿದ್ದಾರೆ ಎಂಬುದನ್ನೂ ಹೇಳಿಬಿಟ್ಟೆ. ಮುಖ ಬಿಳಿಚಿಕೊಂಡಿತು. "ಮನೇಲಿ ನನ್ನದೊಂದೇ ಸಂಬಳ ಸಾರ್" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೧೪, ಮಂಗಳವಾರ

ಯಜಮಾನರ ಮನೆಗೆ ಹೋದೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಹೇಳಿದೆ. ಅವರು ಹೊಗಳಿಕೆ ಕೇಳಿದ್ದು ಯಾರದು, ಆ ಹೆಸರು ಹುಟ್ಟಿದ್ದು ಎಲ್ಲಿ, ಎಲ್ಲ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ಅಲ್ರೀ, ಹೆಸರು ನೆನಪಿರುತ್ತೆ ಅಂತ ಅಲ್ವೇನ್ರೀ ನಿಮ್ಮನ್ನ ಇಟ್ಕೊಂಡಿರೋದು?"

"ಹೌದು."

"ಮತ್ತೆ?"

ಮತ್ತೆ ಏನೆಂದು ಹೇಳಲಿ. ಕೇಳುವವಳು ಹೋದಳು, ಹೇಳುವುದು ನಿಂತಿತು ಎನ್ನಲೇ? ನೆಲ ನೋಡುತ್ತಾ ನಿಂತೆ. ಈ ವಯಸ್ಸಿನಲ್ಲಿ ಕ್ಲಾಸಿನ ಹೊರಗೆ ನಿಲ್ಲಿಸಿದ ಹಾಗೆ. ಅವರ ಮೊಮ್ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

"ಬಂದಿದ್ದ ಅಷ್ಟೂ ಜನಕ್ಕೆ ಫೋನ್ ಮಾಡಿ. ನಿಮ್ಮ ಬಾಯಿಂದ್ಲೇ ಸರಿಮಾಡಿ. ಯಾರಂತ ಅವರಿಗೆಲ್ಲ ಸರಿಯಾಗಿ ತಿಳೀಲಿ, ಆಮೇಲೆ ಅವಳ ವಿಷಯ ನೋಡೋಣ. ನಿಮ್ಮ ವಿಷಯ…" ಬಿಸಿನೀರಿನ ಚೀಲ ಸರಿಸಿಕೊಂಡರು. "ಅದನ್ನೂ ನೋಡೋಣ."

ಏಪ್ರಿಲ್ ೧೬, ಗುರುವಾರ

ಎರಡು ದಿನದಿಂದ ಫೋನು. ಕಿವಿ ಉರಿಯುತ್ತಿದೆ.

ನನ್ನ ಹೆಸರು ಹೇಳಿ ಶುರುಮಾಡುತ್ತೇನೆ. "ಯಾರು?" ಎನ್ನುತ್ತಾರೆ. ಮತ್ತೆ ಹೇಳುತ್ತೇನೆ. "ಗೊತ್ತಾಗ್ಲಿಲ್ವಲ್ಲಾ." ಕನ್ನಡಕದಂಗಡಿಯವನು ಎಂದರೆ, "ಓಹೋ, ನೀವಾ! ಮೊದ್ಲೇ ಹೇಳ್ಬಾರ್ದಾ?" ಇಷ್ಟು ವರ್ಷ ಅವರನ್ನೆಲ್ಲ ಹೆಸರು ಹಿಡಿದು ಕರೆದೆ, ನನ್ನ ಹೆಸರು ಒಬ್ಬರಿಗೂ ಗೊತ್ತಿಲ್ಲ. ಮೊದಲ ನಾಲ್ಕೈದು ಫೋನಿಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ತಿಳಿಯಿತು, ನಾನು ಎಂದೂ ಹೇಳಿರಲೇ ಇಲ್ಲ.

ಬ್ಯಾಂಕಿನಮ್ಮ ನಕ್ಕುಬಿಟ್ಟರು. "ಅದಕ್ಕೇ ನನಗೂ ಆವತ್ತು ಬರೀ ಮೇಡಂ ಅಂದ್ರಿ! ಫ್ರೇಮು ಇಷ್ಟ ಆಗ್ಲಿಲ್ಲವೇನೋ ಅಂದ್ಕೊಂಡಿದ್ದೆ." ಔಷಧದಂಗಡಿಯವರು, "ನಮಗೆ ಕಣ್ಣು ಕಂಡ್ರೆ ಆಯ್ತು ಬಿಡಿ" ಎಂದರು. "ಹಾಗಲ್ಲ ಸಾರ್, ಒಂದು ಸಲ ಹೇಳಿ" ಎಂದೆ. ಹೇಳಿದರು. ಪ್ರತಿಯೊಬ್ಬರಿಂದಲೂ ಒಂದು ಸಲ ಹೇಳಿಸಿದೆ. ಭಿಕ್ಷುಕನ ಹಾಗೆ.

ಮೇಷ್ಟ್ರು ಮಾತ್ರ ನಗಲಿಲ್ಲ. "ಹೆಸರಿಗೆ ತಕ್ಕ ಹುಡುಗಿ ಅಂದಿದ್ನಲ್ಲ ನಾನು. ಆ ಮಗು ಅದಕ್ಕೂ ನಕ್ಕಿತ್ತು" ಎಂದರು. ಆಮೇಲೆ, "ನಾನೇ ಯಜಮಾನ್ರಿಗೆ ಇನ್ನೊಂದ್ಸಲ ಫೋನ್ ಮಾಡ್ತೀನಿ. ಈ ಸಲ ಸರಿಯಾದ ಹೆಸರಲ್ಲಿ."

ಸಂಜೆ ಮಹಡಿಗೆ ಹೋದೆ. ಅಕ್ಕ ಕೇಳಿದಳು, "ಇವತ್ತು ಯಾರ್ಯಾರಿಗೆ ಮಾಡ್ದೆ?" ಕೇಳಿದ್ದು ಅಕ್ಕನೇ. ಪ್ರಶ್ನೆ ಇವಳದು. ಒಬ್ಬೊಬ್ಬರನ್ನಾಗಿ ಹೇಳಿದೆ. ಅವಳು ತೂಕಡಿಸುತ್ತಲೇ "ಆಮೇಲೆ?" ಎನ್ನುತ್ತಿದ್ದಳು.

ಏಪ್ರಿಲ್ ೧೯, ಭಾನುವಾರ. ಸಂಜೆ

ಯಜಮಾನರು ಫೋನ್ ಮಾಡಿದರು. ಹುಡುಗಿಯ ಕೆಲಸ ಖಾಯಂ. ನನ್ನದು ಮುಂದಿನ ತಿಂಗಳಿಂದ ಅರ್ಧ ದಿನ. ಕೌಂಟರಿಗೆ ಕಂಪ್ಯೂಟರ್ ಬರುತ್ತದೆ, ನಂಬರ್ ಒತ್ತಿದರೆ ಹೆಸರು ಬರುತ್ತದೆ. ನ್ಯಾಯವೇ. ಎಂದೂ ರಜೆ ಹಾಕದ ಮೆಷಿನ್. ಬೇಜಾರಾಯಿತೇ? ಆಯಿತು. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

"ಅವಳಿಗೆ ನೀವೇ ಹೇಳಿ" ಎಂದರು. "ನಿಮ್ಮ ಬಾಯಿಂದ ಕೆಟ್ಟಿದ್ದು ನಿಮ್ಮ ಬಾಯಿಂದ್ಲೇ ನೆಟ್ಟಗಾಗ್ಲಿ. ನಾಳೆವರೆಗೆ ಕಾಯಿಸ್ಬೇಡಿ, ಪಾಪ, ಸೋಮವಾರದಿಂದ ಊಟ ಸೇರ್ತಿಲ್ಲವಂತೆ."

ತಕ್ಷಣ ಮಾಡಿದೆ. ಫೋನಿನಲ್ಲಿ 'ಕಣ್ಣು ಹುಡುಗಿ' ಅಳಿಸಿ ಸರಿಯಾದದ್ದು ಹಾಕಿ ಮೂರು ದಿನವಾಯಿತು. ಈ ಪುಸ್ತಕದ ನಿಯಮ ಫೋನಿಗಿಲ್ಲ. ಆ ಕಡೆ ಎತ್ತಿದರು. ಹೆಂಗಸಿನ ದನಿ. ಅವಳದಲ್ಲ, ವಯಸ್ಸಾದದ್ದು.

"ಹಲೋ, ಯಾರು ಬೇಕಿತ್ತು?"

ಅಮ್ಮ. ಯಾರ ಮಾತೂ ಕೇಳದೆ ಹಟ ಮಾಡಿ ಆ ಹೆಸರು ಇಟ್ಟವರು.

ಹೆಸರು ನೆನಪಿತ್ತು. ಬಾಯಲ್ಲೇ ಇತ್ತು. ಆದರೆ ಆ ಒಬ್ಬರ ಕಿವಿಗೆ ನನ್ನ ಬಾಯಿಂದ ಅದನ್ನು ಹೇಳುವುದು… ಕಟ್ ಮಾಡಿಬಿಟ್ಟೆ. ಕಳ್ಳನ ಹಾಗೆ. ಒಂದು ಗಂಟೆಯಿಂದ ಇಲ್ಲಿ ಕೂತು ಇದನ್ನೆಲ್ಲ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಯಾಕೆಂದು ನನಗೆ ಗೊತ್ತಿಲ್ಲವೇ? ಅಲ್ಲಿ ಒಬ್ಬಳು ಊಟ ಬಿಟ್ಟು ಕೂತಿದ್ದಾಳೆ.

ಇಷ್ಟು ಬರೆಯುವಷ್ಟರಲ್ಲಿ, ಸುದ್ದಿ ಆಗಲೇ ತಿಳಿದಿದ್ದ ಅಕ್ಕ ಮೇಲಿನಿಂದ ಕೂಗಿದಳು, "ಹೇಳಿದ್ಯೇನೋ?"

"ಈಗ ಹೇಳ್ತೀನಿ" ಎಂದೆ.

"ಹೆಸರು ಹೇಳು ನೋಡೋಣ."

ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದೆ. ಗಟ್ಟಿಯಾಗಿ. ಖಾಲಿ ಮನೆಯಲ್ಲಿ ಅದು ಚೆನ್ನಾಗಿ ಕೇಳಿಸಿತು. ಕೆಳಗೂ, ಮೇಲೂ.

"ಹೂಂ" ಎಂದಳು ಅಕ್ಕ. "ಅಷ್ಟೇ ಕಣೋ."

ಅಷ್ಟೇ. ಯಾರು ಬೇಕಿತ್ತು ಎಂದರೆ ಹೆಸರು ಹೇಳುವುದು. ಆಮೇಲೆ ನಾನ್ಯಾರೆಂದು ಹೇಳುವುದು, ಕನ್ನಡಕದಂಗಡಿಯವನು ಎಂದಲ್ಲ, ನನ್ನ ಹೆಸರು. ಆಮೇಲೆ ಒಳ್ಳೆಯ ಸುದ್ದಿ. ಕ್ಷಮೆ ಕೇಳುವುದೂ ಇದೆ, ಅದು ಮೊದಲೋ ಕೊನೆಗೋ… ಬೆಳಕು ಹೋಗುತ್ತಿದೆ. ಬರೆದದ್ದು ಗೆರೆಯ ಮೇಲಿದೆಯೋ ಕೆಳಗಿದೆಯೋ ಕಾಣುತ್ತಿಲ್ಲ. ದೀಪ ಆಮೇಲೆ, ಮೊದಲು ಫೋನು —